ಬೇರಿಲ್ಲದ ಕೂದಲು ತಿಳಿಸಿದ ಹೆಸರು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೇರ್ ಬ್ರೂಕ್ ಕಾಡಿನಲ್ಲಿ 1985ರಲ್ಲಿ ಸಿಕ್ಕ ಪೀಪಾಯಿಯೊಂದರಲ್ಲಿ ಒಬ್ಬ ಮಹಿಳೆ ಹಾಗೂ ಬಾಲಕಿಯ ಅವಶೇಷಗಳಿದ್ದವು. 2000ದಲ್ಲಿ ಸಮೀಪದಲ್ಲೇ ಇನ್ನೊಂದು ಪೀಪಾಯಿ, ಅದರಲ್ಲಿ ಮತ್ತಿಬ್ಬರು ಬಾಲಕಿಯರು. ಸರಣಿ ಹಂತಕ ಟೆರಿ ರಾಸ್‌ಮುಸೆನ್ 2010ರಲ್ಲಿ ಸೆರೆಮನೆಯಲ್ಲಿ ಸತ್ತ. ಅವನ ನಿಜನಾಮ ತಿಳಿದದ್ದು 2017ರಲ್ಲಿ. ಸತ್ತವರ ಹೆಸರುಗಳೋ?

ಮೂಳೆಯ ಡಿಎನ್‌ಎ ಸಾಕಷ್ಟು ಹಾಳಾಗಿತ್ತು. ಕೂದಲೇನೋ ಇತ್ತು. ಆದರೆ ಬೇರಿಲ್ಲದ ಕೂದಲಿನಲ್ಲಿ ಕೋಶಕೇಂದ್ರದ ಡಿಎನ್‌ಎ ಅತ್ಯಲ್ಪ, ಅದೂ ಚೂರುಚೂರು. ನಿಯಾಂಡರ್ತಾಲ್ ಜೀನೋಮ್ ಓದಿದ ತಂಡದಲ್ಲಿದ್ದ ಎಡ್ ಗ್ರೀನ್ ಆ ಅನುಭವದ ಬಲದಿಂದ ಈ ಚೂರುಗಳನ್ನೂ ಓದಿದರು.

ಮುಂದಿನದು ಲೆಕ್ಕ. ಮಗು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಡಿಎನ್‌ಎ ಪಡೆಯುತ್ತದಷ್ಟೆ. ಹಾಗಾಗಿ ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ 1/8 ಭಾಗ ಸಮಾನ. ಅವರ ಮಕ್ಕಳ ನಡುವೆ 1/32. ಮೊಮ್ಮಕ್ಕಳ ನಡುವೆ 1/128. (ಪ್ರತಿ ಸಲ ನಾಲ್ಕರಿಂದ ಭಾಗವೇಕೆ? ವಿದ್ಯಾರ್ಥಿಗಳೇ ಯೋಚಿಸಲಿ.) ಜನರು ತಾವೇ ಒಪ್ಪಿ ಸೇರಿಸಿದ ದತ್ತಸಂಚಯದಲ್ಲಿ ಇಂಥ ದೂರದ ಬಂಧುಗಳು ಸಿಕ್ಕರೆ, ಜನನ–ವಿವಾಹ ದಾಖಲೆಗಳಿಂದ ವಂಶವೃಕ್ಷ ಕಟ್ಟಿ ಸಾಮಾನ್ಯ ಪೂರ್ವಜರನ್ನು ಹುಡುಕಬಹುದು.

2019ರಲ್ಲಿ ತಾಯಿ ಹಾಗೂ ಇಬ್ಬರು ಹೆಣ್ಣುಮಕ್ಕಳ ಗುರುತು ಸಿಕ್ಕಿತು. ಗ್ರಂಥಪಾಲಕಿಯೊಬ್ಬರು ಬರಿಯ ಹುಡುಕಾಟದಿಂದಲೇ ಅದೇ ಹೆಸರುಗಳನ್ನು ತಲುಪಿದ್ದರು. ಎರಡು ಸ್ವತಂತ್ರ ಮಾರ್ಗ, ಒಂದೇ ಉತ್ತರ: ನನ್ನಂಥ ಭೌತಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ಹಿತವಾದ ಪರೀಕ್ಷೆಯಿಲ್ಲ.

ನಾಲ್ಕನೆಯವಳು ಆ ತಾಯಿಯ ಮಗಳಲ್ಲ; ಹಂತಕನದೇ ಮಗಳು. ಅವಳಿಗೆ ಹೆಸರು ಮರಳಿದ್ದು 2025ರಲ್ಲಿ.