ಮಡಚುವ ಮಂಚಕ್ಕೂ ಸುಖನಿದ್ರೆ ಬರಲಿ: ಚಿಕ್ಕ ಮನೆಗಳ ಹಾಸಿಗೆ ಸರಿಪಡಿಸುವ ಬಗೆ

ಬೆಂಗಳೂರು: ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ದುಂದುಗಾರರಿಗೆ ಹೇಳಿದ ಬುದ್ಧಿಮಾತು. ಆದರೆ ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದು ಪ್ರತಿ ರಾತ್ರಿಯ ವಾಸ್ತವ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ 20x30, 30x40 ಅಡಿಯ ನಿವೇಶನಗಳ ಮೇಲೆ ಮಹಡಿಯ ಮೇಲೆ ಮಹಡಿ ಎದ್ದಿವೆ. ಒಂದೊಂದು ಮಹಡಿಯಲ್ಲಿ ಒಂದೋ ಎರಡೋ ಸಂಸಾರ, ಸಂಸಾರಕ್ಕೆ ಒಂದೇ ಮಲಗುವ ಕೋಣೆ. ಉಳಿದವರ ಪಾಲಿಗೆ ಹಗಲು ಸೋಫಾ, ರಾತ್ರಿ ಹಾಸಿಗೆಯಾಗುವ ಹಾಲ್‌ನ ಮೂಲೆಯೇ ಗತಿ.

ಆ ಮೂಲೆಯಲ್ಲಿ ಮಲಗುವವರು ಯಾರೆಂದು ನೋಡಿದರೆ ಸಮಸ್ಯೆಯ ತೂಕ ತಿಳಿಯುತ್ತದೆ. ಊರಿನಿಂದ ಬಂದು ಮಗನ ಮನೆಯಲ್ಲೇ ಉಳಿದ ತಾಯಿ, ಮಂಡಿ ನೋವಿನ ತಂದೆ, ಪರೀಕ್ಷೆಗೆ ಓದುವ ಮಗಳು. ಮನೆಯಲ್ಲಿ ಯಾರ ಬೆನ್ನಿಗೆ ಹೆಚ್ಚು ಆರೈಕೆ ಬೇಕೋ ಅವರ ಪಾಲಿಗೇ ಅತ್ಯಂತ ಕಳಪೆ ಹಾಸಿಗೆ ಬರುತ್ತದೆ. ಕೆಂಗೇರಿ ಸುತ್ತಮುತ್ತಲಿನ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ವಾಸಿಸುವ ವಿದ್ಯಾರ್ಥಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಹಾಗೆಂದು ಹೊಸ ಮಂಚವನ್ನೇ ಕೊಳ್ಳಬೇಕೆಂದಿಲ್ಲ. ಮಡಚುವ ಹಾಸಿಗೆ ಏಕೆ ನೋಯಿಸುತ್ತದೆ ಎಂಬುದು ತಿಳಿದರೆ, ಅದನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು.

ಕ್ಯಾಂಪರ್ ಕಲಿಸಿದ ಪಾಠ

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪ್ರವಾಸಪ್ರಿಯರು ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಒಂದು ಬಗೆಯ ಗಾಡಿಯಿದೆ. ಅದೇ ಪಾಪ್-ಅಪ್ ಕ್ಯಾಂಪರ್. ರಸ್ತೆಯಲ್ಲಿ ಸಾಗುವಾಗ ಅದು ಮುಚ್ಚಿದ ಪೆಟ್ಟಿಗೆಯಂತಿರುತ್ತದೆ. ತಂಗುವ ಜಾಗ ತಲುಪಿದ ಮೇಲೆ ಚಾವಣಿಯನ್ನು ಮೇಲೆತ್ತಿ, ಎರಡೂ ತುದಿಗಳಿಂದ ಮಂಚಗಳನ್ನು ಹೊರಗೆಳೆಯುತ್ತಾರೆ. ಮಂಚವೆಂದರೆ ಪ್ಲೈವುಡ್ ಹಲಗೆ, ಅದರ ಮೇಲೆ ತೆಳುವಾದ ಫೋಮ್.

ಈ ಹಾಸಿಗೆಗಳ ಮೇಲಿನ ದೂರುಗಳು ನಮ್ಮ ಸೋಫಾ-ಕಮ್-ಬೆಡ್‌ನ ದೂರುಗಳೇ ಆಗಿವೆ. ತೆಳು ಫೋಮ್ ತೂಕಕ್ಕೆ ಕುಸಿದು ಸೊಂಟಕ್ಕೆ ಹಲಗೆ ತಾಗುತ್ತದೆ, ಜೋಡಣೆಯ ಸೀಳು ಬೆನ್ನಿಗೆ ಒತ್ತುತ್ತದೆ, ಕೆಳಗಿನಿಂದ ತಣ್ಣಗಾಗುತ್ತದೆ, ಹಾಸಿಗೆಯ ತಳ ಒದ್ದೆಯಾಗುತ್ತದೆ. ದಪ್ಪ ಹಾಸಿಗೆ ಹಾಕೋಣವೆಂದರೆ ಗಾಡಿಯ ಮುಚ್ಚಳ ಮುಚ್ಚುವುದಿಲ್ಲ. ನಮ್ಮ ಸೋಫಾ ಕೂಡ ಹಾಗೆಯೇ ಮಡಚಲು ಬರುವುದಿಲ್ಲ.

ಅನುಭವಿ ಕ್ಯಾಂಪರ್ ಬಳಕೆದಾರರು ಕಂಡುಕೊಂಡ ದಾರಿ ಸರಳ. ಹಾಸಿಗೆಯನ್ನು ಕೆಳಗಿನಿಂದ ಮೇಲಕ್ಕೆ ಸರಿಪಡಿಸುತ್ತ ಬರಬೇಕು. ಮೊದಲು ಚೌಕಟ್ಟು, ನಂತರ ಗಾಳಿ, ಆಮೇಲೆ ಜೋಡಣೆ, ಕೊನೆಯಲ್ಲಿ ಮೆತ್ತೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಬೆನ್ನು ನೋವು ಬಂದೊಡನೆ ಮೇಲೊಂದು ದುಬಾರಿ ಮೆತ್ತೆ ತಂದು ಹಾಸುತ್ತಾರೆ. ಅಡಿಯ ತಗ್ಗು ಹಾಗೆಯೇ ಉಳಿಯುವುದರಿಂದ ಕೆಲವೇ ವಾರಗಳಲ್ಲಿ ಮತ್ತೆ ಅದೇ ನೋವು.

ಮೊದಲು ಚೌಕಟ್ಟು

ಕಬ್ಬಿಣದ ಪೈಪಿನ ಮಡಚು ಮಂಚಗಳಲ್ಲಿ ನವಾರು ಅಥವಾ ನೈಲಾನ್ ಪಟ್ಟಿ ಸಡಿಲಗೊಳ್ಳುವುದು ಸಾಮಾನ್ಯ. ದೇಹದ ಅತಿ ಭಾರದ ಭಾಗ ಸೊಂಟ. ಪಟ್ಟಿ ಜೋಲುಬಿದ್ದಾಗ ಸೊಂಟ ಕೆಳಗಿಳಿದು ಬೆನ್ನುಹುರಿ ತೊಟ್ಟಿಲಿನ ಆಕಾರ ತಾಳುತ್ತದೆ. ನವಾರನ್ನು ಬಿಚ್ಚಿ ಬಿಗಿಯಾಗಿ ಹೆಣೆಯುವುದು ಮೊದಲ ಕೆಲಸ. ಪೈಪು ಬಾಗಿದ್ದರೆ ಅಥವಾ ಮಧ್ಯದ ಅಡ್ಡಪಟ್ಟಿಯ ಬೆಸುಗೆ ಬಿಟ್ಟಿದ್ದರೆ ವೆಲ್ಡಿಂಗ್ ಆಗಬೇಕು. ಸಣ್ಣ ಕೈಗಾರಿಕೆಗಳಿಗೆ ಹೆಸರಾದ ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶದ ಆಸುಪಾಸಿನವರಿಗೆ ಇದು ದೂರದ ಕೆಲಸವಲ್ಲ.

ನವಾರಿನ ಬದಲು ಹಲಗೆ ಹಾಕಿಸುವುದಾದರೆ 12 ಮಿಲಿಮೀಟರ್ ಪ್ಲೈವುಡ್ ಸಾಕು. ಮಡಚುವ ಗೆರೆಗೆ ಸರಿಯಾಗಿ ಅದನ್ನು ಎರಡು ತುಂಡು ಮಾಡಿಸಿ ಕೂರಿಸಬೇಕು. ಮರದ ಪಟ್ಟಿಗಳನ್ನು ಜೋಡಿಸುವುದಾದರೆ ಪಟ್ಟಿಗಳ ನಡುವಿನ ಅಂತರ ಮೂರು ಅಂಗುಲ ಮೀರಬಾರದು. ಮೀರಿದರೆ ಫೋಮ್ ಆ ಸಂದಿಯೊಳಗೆ ಇಳಿಯುತ್ತದೆ. ಕಿರುಗುಟ್ಟುವ ಕೀಲುಗಳ ನಟ್ಟು ಬಿಗಿದು ಎಣ್ಣೆ ಬಿಟ್ಟರೆ ಮಗ್ಗುಲು ಬದಲಿಸಿದಾಗಲೆಲ್ಲ ಮನೆಮಂದಿ ಎಚ್ಚರಗೊಳ್ಳುವುದು ತಪ್ಪುತ್ತದೆ.

ಎರಡನೆಯದು ಗಾಳಿ

ನಿದ್ರೆಯಲ್ಲಿರುವಾಗಲೂ ದೇಹದಿಂದ ತೇವಾಂಶ ಹೊರಬೀಳುತ್ತಲೇ ಇರುತ್ತದೆ. ಅದರಲ್ಲಿ ಒಂದಷ್ಟು ಭಾಗ ಹಾಸಿಗೆಯ ಮೂಲಕ ಕೆಳಗಿಳಿಯುತ್ತದೆ. ಕೆಳಗೆ ತಣ್ಣನೆಯ ಮೊಸಾಯಿಕ್ ಅಥವಾ ಗ್ರಾನೈಟ್ ನೆಲವೋ, ರಂಧ್ರವಿಲ್ಲದ ಹಲಗೆಯೋ ಇದ್ದರೆ ಆವಿ ಅಲ್ಲೇ ನೀರಾಗುತ್ತದೆ. ಮಳೆಗಾಲದಲ್ಲಿ ಹಾಸಿಗೆಯ ತಳದಲ್ಲಿ ಕಾಣುವ ಕಪ್ಪು ಚುಕ್ಕೆ ಮತ್ತು ಮುಗ್ಗಲು ವಾಸನೆಗೆ ಇದೇ ಕಾರಣ. ಚುಕ್ಕೆಗಳೆಂದರೆ ಬೂಷ್ಟು. ಉಬ್ಬಸ, ಅಲರ್ಜಿ ಇರುವವರಿಗೆ ಇದು ಹಾಸಿಗೆಯ ಗಡಸುತನಕ್ಕಿಂತ ದೊಡ್ಡ ತೊಂದರೆ.

ಪರಿಹಾರಕ್ಕೆ ಹಣ ಬೇಕಿಲ್ಲ. ಎದ್ದೊಡನೆ ಹಾಸಿಗೆ ಮಡಚುವ ಅಭ್ಯಾಸ ಬಿಡಬೇಕು. ಹೊದಿಕೆ ಸರಿಸಿ, ಕಿಟಕಿ ತೆರೆದು ಅರ್ಧ ಗಂಟೆಯಾದರೂ ಆರಲು ಬಿಟ್ಟು ನಂತರ ಮಡಚಿದರೆ ತೇವ ಒಳಗೇ ಸಿಕ್ಕಿಹಾಕಿಕೊಳ್ಳುವುದಿಲ್ಲ. ದಿವಾನಿನ ಹಲಗೆಗೆ ಅರ್ಧ ಅಡಿಗೊಂದರಂತೆ ಒಂದು ಅಂಗುಲದ ರಂಧ್ರ ಕೊರೆಸಬಹುದು. ನೆಲದ ಮೇಲೆ ಹರಡುವ ಮೂರು ಮಡಿಕೆಯ ಫೋಮ್ ಹಾಸಿಗೆಯಾದರೆ ಅಡಿಗೆ ತೆಂಗಿನ ನಾರಿನ ಚಾಪೆ ಹಾಸುವುದು ಒಳ್ಳೆಯದು. ನಾರಿನ ನಡುವೆ ಗಾಳಿ ಆಡುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ನೆಲದ ತಂಪನ್ನೂ ಅದು ತಡೆಯುತ್ತದೆ.

ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಇನ್ನೊಂದು ಕಾಟವಿದೆ, ತಿಗಣೆ. ನವಾರಿನ ಮಡಿಕೆ ಮತ್ತು ಪೈಪಿನ ಕೀಲು ಅವುಗಳ ನೆಚ್ಚಿನ ತಾಣ. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ತಿಗಣೆಗಳು ನೆರಳಿನ ಬದಿಗೆ ಸರಿದು ಬದುಕಿಕೊಳ್ಳುತ್ತವೆ. ಕಬ್ಬಿಣದ ಚೌಕಟ್ಟಿಗೆ ಕುದಿಯುವ ನೀರು ಸುರಿಯುವುದು, ಹೊದಿಕೆ ಮತ್ತು ಹಾಸಿಗೆಯ ಕವರನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು ಪರಿಣಾಮಕಾರಿ.

ಮೂರನೆಯದು ಜೋಡಣೆಯ ಸೀಳು

ಆರು ಅಡಿಯ ಮೂರು ಮಡಿಕೆಯ ಹಾಸಿಗೆಯಲ್ಲಿ ಎರಡು ಅಡಿಗೊಂದು ಸೀಳು ಬರುತ್ತದೆ. ಹೆಚ್ಚೂಕಡಿಮೆ ಒಂದು ಸೊಂಟದ ಮೇಲ್ಭಾಗಕ್ಕೆ, ಇನ್ನೊಂದು ಮೊಣಕಾಲಿನ ಬಳಿ ಬೀಳುತ್ತದೆ. ಒರಗುವ ಭಾಗವನ್ನು ಹಿಂದಕ್ಕೆ ಕೆಡವಿ ಹಾಸಿಗೆ ಮಾಡುವ ಸೋಫಾಗಳಲ್ಲಿ ಸೀಳು ಉದ್ದಕ್ಕೆ ಸಾಗುತ್ತದೆ. ಒಬ್ಬರೇ ಮಲಗುವುದಾದರೆ ಸೀಳಿನ ಮೇಲೆ ಮಲಗದೆ, ಕೂರುವ ಭಾಗದತ್ತ ಸರಿದು ಮಲಗುವುದೇ ಅರ್ಧ ಪರಿಹಾರ.

ಸಂದಿಗೆ ಸರಿಹೊಂದುವ ಫೋಮ್ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತುಂಬಬೇಕು. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಎಲ್ಲೂ ಸೀಳಿಲ್ಲದ ಒಂದೇ ಹಾಸು ಬರಬೇಕು. ಎರಡು ಅಂಗುಲದ ಫೋಮ್ ಆಗಲಿ, ದಪ್ಪನೆಯ ಕೌದಿಯಾಗಲಿ ಆದೀತು. ಅದು ತುಂಡಾಗಿರಬಾರದು ಎಂಬುದೇ ಮುಖ್ಯ.

ಮೇಲುಹಾಸು ಕೊಳ್ಳುವ ಮುನ್ನ ಸೋಫಾ ಮಡಚಿದಾಗ ಒಳಗೆ ಉಳಿಯುವ ಜಾಗವನ್ನು ಟೇಪಿನಿಂದ ಅಳೆಯಬೇಕು. ಜಾಗ ಸಾಲದಿದ್ದರೆ ಒತ್ತಿ ಮುಚ್ಚುವ ಪ್ರಯತ್ನ ಬೇಡ, ಕೀಲು ಮುರಿಯುತ್ತದೆ. ಮೇಲುಹಾಸನ್ನು ಬೇರೆಯಾಗಿ ಸುರುಳಿ ಸುತ್ತಿ ಅಟ್ಟದಲ್ಲೋ ದಿವಾನಿನ ಒಳಗೋ ಇಡುವುದು ಲೇಸು.

ಕೊನೆಯದು ಮೆತ್ತೆ

ಫೋಮ್ ಅಂಗಡಿಗಳಲ್ಲಿ 23, 32, 40 ಎಂಬ ಸಂಖ್ಯೆಗಳನ್ನು ಹೇಳುತ್ತಾರೆ. ಇದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್‌ನ ತೂಕ ಇಷ್ಟು ಕಿಲೋ ಎಂದು. ಇದು ಗಡಸುತನದ ಅಳತೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಫೋಮ್ ಕುಸಿಯದೆ ಹೆಚ್ಚು ಕಾಲ ಬಾಳುತ್ತದೆ. ಅಪರೂಪಕ್ಕೆ ಬರುವ ನೆಂಟರಿಗೆ ಕಡಿಮೆ ಡೆನ್ಸಿಟಿ ನಡೆದೀತು. ದಿನವೂ ಮಲಗುವವರಿಗೆ 32 ಅಥವಾ 40 ಬೇಕು.

ಹೇಳಿದ್ದು ನಿಜವೋ ಎಂದು ಪರೀಕ್ಷಿಸಲು ತಕ್ಕಡಿಯೊಂದೇ ಸಾಕು. ಆರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಫೋಮ್ 40 ಡೆನ್ಸಿಟಿಯದಾದರೆ ಸುಮಾರು 6.8 ಕಿಲೋ ತೂಗಬೇಕು. 32 ಆದರೆ ಸುಮಾರು 5.4 ಕಿಲೋ. ನಾಲ್ಕು ಕಿಲೋಗಿಂತ ಕಡಿಮೆ ತೂಗಿದರೆ ಅದು 23ರ ಫೋಮ್ ಎಂದೇ ತಿಳಿಯಬೇಕು.

ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಹಾಸಿಗೆಯೂ ಬೆಂಗಳೂರಿಗರಿಗೆ ಚಿರಪರಿಚಿತ. ಅಂಥ ಹಾಸಿಗೆಗಳಿಂದ ಮನೆಮಾತಾದ ಕರ್ಲಾನ್ ಕಂಪೆನಿ 1962ರಲ್ಲಿ ಇದೇ ನಗರದಲ್ಲಿ ಆರಂಭವಾಯಿತು. 2023ರಲ್ಲಿ ಅದು ಶೀಲಾ ಫೋಮ್ ಪಾಲಾಯಿತು. ನಾರಿನ ಹಾಸಿಗೆಯಲ್ಲಿ ಗಾಳಿಯಾಟ ಚೆನ್ನಾಗಿರುತ್ತದೆ, ಆದರೆ ಪದೇ ಪದೇ ಮಡಚಿದರೆ ನಾರು ಮುರಿಯುತ್ತದೆ. ಹೀಗಾಗಿ ದಿವಾನಿಗೆ ಅದು ಹೊಂದುತ್ತದೆ, ಮಡಚುವ ಸೋಫಾಗೆ ಹೊಂದುವುದಿಲ್ಲ.

ಮನೆಯಲ್ಲಿ ಹಳೆಯ ಹತ್ತಿ ಹಾಸಿಗೆ ಇದ್ದರೆ ಅದನ್ನು ಎಸೆಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಹತ್ತಿಯ ಎಳೆಗಳ ನಡುವೆ ಸಿಕ್ಕಿದ ಗಾಳಿಯೇ ಹಾಸಿಗೆಯ ಮೆತ್ತನೆಯ ಗುಟ್ಟು. ವರ್ಷಗಟ್ಟಲೆ ಮಲಗಿದಾಗ ಎಳೆಗಳು ಒತ್ತಿ ಗಂಟಾಗುತ್ತವೆ. ಹಿಂಜಿದರೆ ಬಿಡಿಯಾಗಿ ಮತ್ತೆ ಉಬ್ಬುತ್ತವೆ. ಪಿಂಜಾರರು ಬಿಲ್ಲಿನ ನಾರಿ ಮೀಟುತ್ತ ಮಾಡುತ್ತಿದ್ದ ಕೆಲಸ ಇದೇ. ನದಾಫ್ ಎಂಬ ಹೆಸರಿಗೂ ಹತ್ತಿ ಹಿಂಜುವವನೆಂದೇ ಅರ್ಥ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಬೂರುಗದ ಅರಳೆ ಮಾತ್ರ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಅದರ ಎಳೆ ಪೆಡಸಾಗಿದ್ದು ಪುಡಿಯಾಗುತ್ತದೆ.

ಹಲಗೆಯ ಮೇಲೆ ಮಲಗಿದರೆ ನೋವು ಹೋದೀತೆ?

ಬೆನ್ನು ನೋವಿಗೆ ಗಟ್ಟಿ ಹಲಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸ್ಪೇನ್‌ನ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ದೀರ್ಘಕಾಲದ ಸೊಂಟ ನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಡಸಿನ ಹಾಸಿಗೆ ಕೊಟ್ಟು 90 ದಿನ ಗಮನಿಸಿದರು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಧ್ಯಮ ಗಡಸಿನ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಆರಾಮ ಸಿಕ್ಕಿತ್ತು.

ಮನೆಯಲ್ಲೇ ನೋಡಿಕೊಳ್ಳಲು ಸುಲಭ ಉಪಾಯವಿದೆ. ಅಂಗಾತ ಮಲಗಿ ಸೊಂಟದ ಅಡಿಗೆ ಅಂಗೈ ತೂರಿಸಬೇಕು. ಕೈ ಸಲೀಸಾಗಿ ಆಚೆ ಹೋಗಿ ಜಾಗ ಉಳಿದರೆ ಹಾಸಿಗೆ ಅತಿ ಗಟ್ಟಿ. ಕೈ ತೂರಿಸುವುದೇ ಕಷ್ಟವಾದರೆ ಅತಿ ಮೆತ್ತಗೆ. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಜೋಮು ಹಿಡಿಯುತ್ತಿದ್ದರೆ ಹಾಸಿಗೆಯನ್ನು ದೂರುತ್ತ ಕೂರದೆ ವೈದ್ಯರನ್ನು ಕಾಣಬೇಕು.

ಅಜ್ಜಿಗೆ ಎತ್ತರ, ಕೂಸಿಗೆ ಸಮತಟ್ಟು

ವಯಸ್ಸಾದವರಿಗೆ ಮೆತ್ತೆಯಷ್ಟೇ ಎತ್ತರವೂ ಮುಖ್ಯ. ಅಂಚಿನಲ್ಲಿ ಕೂತಾಗ ಪಾದಗಳು ನೆಲಕ್ಕೆ ಊರಬೇಕು, ಮೊಣಕಾಲು ನೇರ ಕೋನದಲ್ಲಿರಬೇಕು. ಹಲವರಿಗೆ ಇದು ಒಂದೂವರೆ ಅಡಿಯ ಆಸುಪಾಸು. ನೆಲಕ್ಕೆ ಅಂಟಿದಂತಿರುವ ಫೋಮ್ ಹಾಸಿಗೆಯಿಂದ ನಡುರಾತ್ರಿ ಬಚ್ಚಲಿಗೆ ಎದ್ದುಹೋಗುವುದು ಮಂಡಿ ನೋವಿನವರಿಗೆ ಶಿಕ್ಷೆ, ಬಿದ್ದರೆ ಅಪಾಯ. ಅಂಥವರಿಗೆ ಹಾಲ್‌ನಲ್ಲಿ ದಿವಾನನ್ನೇ ಬಿಟ್ಟುಕೊಟ್ಟು, ನೆಲದ ಹಾಸಿಗೆಯನ್ನು ಎಳೆಯರು ಬಳಸುವುದು ನ್ಯಾಯ.

ಒಂದು ವರ್ಷದೊಳಗಿನ ಮಗುವನ್ನು ಮಾತ್ರ ಸೋಫಾ ಅಥವಾ ಮೆತ್ತನೆಯ ಮಡಚು ಹಾಸಿಗೆಯ ಮೇಲೆ ಮಲಗಿಸಬಾರದು. ಮುಖ ಫೋಮ್‌ನಲ್ಲಿ ಹೂತರೆ ಅಥವಾ ಮೈ ಗೋಡೆ-ಹಾಸಿಗೆಗಳ ಸಂದಿಗೆ ಜಾರಿದರೆ ಉಸಿರುಗಟ್ಟುವ ಅಪಾಯವಿದೆ. ಕೂಸಿಗೆ ಸಮತಟ್ಟಾದ, ಬಿಗಿಯಾದ, ದಿಂಬಿಲ್ಲದ ಹಾಸಿಗೆಯಲ್ಲಿ ಅಂಗಾತ ಮಲಗುವುದೇ ಕ್ಷೇಮ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುವುದುಂಟು. ಹಾಲ್‌ನಲ್ಲಿ ಮಲಗುವ ಹಿರಿಯರು ಬೆನ್ನು ನೋವನ್ನು ಬಾಯಿಬಿಟ್ಟು ಹೇಳದಿರುವುದೂ ಅದೇ ಧೋರಣೆಯಿಂದ, ಮಕ್ಕಳಿಗೆ ಖರ್ಚಾದೀತೆಂಬ ಸಂಕೋಚದಿಂದ. ಇಲ್ಲಿ ಹೇಳಿದ ಉಪಾಯಗಳಲ್ಲಿ ಹೆಚ್ಚಿನವು ಒಂದು ಭಾನುವಾರದ ಕೆಲಸ. ಅದಕ್ಕೂ ಮುನ್ನ ಮನೆಯ ಯಜಮಾನರು ಒಂದು ರಾತ್ರಿ ಆ ಹಾಸಿಗೆಯಲ್ಲಿ ತಾವೇ ಮಲಗಿ ನೋಡುವುದು ಒಳಿತು. ಎಲ್ಲಿ ಒತ್ತುತ್ತದೆ, ಎಲ್ಲಿ ತಗ್ಗಿದೆ ಎಂಬುದು ಬೆಳಗಾಗುವಷ್ಟರಲ್ಲಿ ತಿಳಿದಿರುತ್ತದೆ.