ಲಂಗರಿಲ್ಲದ ದೋಣಿ

ಹೊಗೇನಕಲ್ಲು ಜಲಪಾತದ ಕಡವಿನಲ್ಲಿ ತೆಪ್ಪ ಹತ್ತುವಾಗ ಹುಟ್ಟು ಹಾಕುವವನು ಹೆಚ್ಚು ಮಾತಾಡುವುದಿಲ್ಲ. ‘ಜಾಕೆಟ್ ಕಟ್ಕೊಳ್ಳಿ ಸಾರ್. ನೀವು ಆ ಕಡೆ ಕೂತ್ಕೊಳ್ಳಿ, ಅಕ್ಕ ಈ ಕಡೆ. ಮಧ್ಯದಲ್ಲಿ ಏಳ್ಬೇಡಿ.’ ಅಷ್ಟು ಹೇಳುವಷ್ಟರಲ್ಲಿ ಯಾರ ತೂಕ ಎಷ್ಟು ಎಂದು ಕಣ್ಣಲ್ಲೇ ಅಳೆದು, ದಪ್ಪಗಿರುವವರನ್ನು ಒಂದು ಬದಿಗೆ, ಮಕ್ಕಳಿದ್ದವರನ್ನು ಇನ್ನೊಂದು ಬದಿಗೆ ಕೂರಿಸಿರುತ್ತಾನೆ. ಒಬ್ಬರು ಎದ್ದು ಅಂಚಿಗೆ ಬಾಗಿದರೂ ಆ ಬದಿ ನೀರಿಗೆ ತಗ್ಗುತ್ತದೆ. ಅಂಚಿನಿಂದ ಕೈ ಇಳಿಬಿಟ್ಟರೆ ಕಾವೇರಿಯೇ ಕೈಗೆ ಸಿಗುವಷ್ಟು ತಗ್ಗಿನ ದುಂಡು ದೋಣಿ ಅದು.

ಈ ದೋಣಿಯಲ್ಲಿ ಹುಡುಕಿದರೂ ಸಿಗದ ವಸ್ತು ಲಂಗರು. ಸಣ್ಣ ದೋಣಿಯಲ್ಲಿ ವಿಹಾರಕ್ಕೆ ಹೋಗುವವರಿಗೆ ಲೋಕದಲ್ಲೆಲ್ಲ ಹೇಳಿಕೊಡುವ ಮೊದಲ ಪಾಠಗಳಲ್ಲಿ ಲಂಗರಿನದೂ ಒಂದು. ನೀರಿನ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗ ಬಿಡಬೇಕು. ಆಗ ಎಳೆತ ಅಡ್ಡಡ್ಡವಾಗಿ ಬಿದ್ದು ಲಂಗರಿನ ಕೊಕ್ಕೆ ನೆಲವನ್ನು ಕಚ್ಚಿಕೊಳ್ಳುತ್ತದೆ. ಹಗ್ಗವನ್ನು ಕಟ್ಟಬೇಕಾದದ್ದು ದೋಣಿಯ ಮೂತಿಗೆ, ಹಿಂಬದಿಗೆ ಎಂದೂ ಅಲ್ಲ. ಹಿಂಬದಿಗೆ ಕಟ್ಟಿದರೆ ಸೆಳವು ಆ ಭಾಗವನ್ನು ಅದುಮಿ ನೀರು ಒಳಗೆ ನುಗ್ಗುತ್ತದೆ.

ಹೊಗೇನಕಲ್ಲಿನಲ್ಲಿ ಈ ಪಾಠದ ಒಂದು ಸಾಲೂ ನಡೆಯುವುದಿಲ್ಲ. ಕೊಕ್ಕೆ ಕಚ್ಚಿಕೊಳ್ಳಲು ಕೆಸರೋ ಮರಳೋ ಬೇಕು, ಇಲ್ಲಿಯ ನೆಲ ಬಂಡೆ. ಭೂವಿಜ್ಞಾನಿಗಳು ಕಾರ್ಬೊನಟೈಟ್ ಎಂದು ಗುರುತಿಸಿರುವ ಇಲ್ಲಿಯ ಅಪರೂಪದ ಶಿಲೆಯ ವಯಸ್ಸು ಸುಮಾರು 240 ಕೋಟಿ ವರ್ಷ. ಅಂಥ ಬಂಡೆಯ ಸಂದಿಗೆ ಲಂಗರು ಬಿದ್ದರೆ ಒಂದೋ ಜಾರುತ್ತದೆ, ಇಲ್ಲವೇ ಸಿಕ್ಕಿಕೊಂಡು ಮತ್ತೆ ಮೇಲೆ ಬರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ದುಂಡಗಿನ ದೋಣಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಹರಿಯುವ ನೀರಿನಲ್ಲಿ ಅದನ್ನು ಎಲ್ಲಿ ಕಟ್ಟಿದರೂ ನೀರು ಬರುವ ಕಡೆಯ ಅಂಚು ಕೆಳಕ್ಕೆ ಜಗ್ಗಿ ಮುಳುಗುತ್ತದೆ. ಹಾಗಾಗಿ ತೆಪ್ಪದವರು ನಿಲ್ಲಬೇಕಾದಾಗ ಬಂಡೆಯ ಮರೆ ಹಿಡಿಯುತ್ತಾರೆ. ದೊಡ್ಡ ಬಂಡೆಯ ಕೆಳಮಗ್ಗುಲಲ್ಲಿ ನೀರು ಹಿಂದಕ್ಕೆ ಸುತ್ತಿ ಬಂದು ತಣ್ಣಗಾಗುವ ಒಂದು ಜಾಗವಿರುತ್ತದೆ. ಅಲ್ಲಿಗೆ ಸೇರಿಸಿ, ಕೈಯಲ್ಲೇ ಕಲ್ಲು ಹಿಡಿದು ನಿಲ್ಲಿಸುತ್ತಾರೆ. ದಿನದ ಕೆಲಸ ಮುಗಿದ ಮೇಲೆ ದೋಣಿಯನ್ನು ನೀರಿನಲ್ಲಿ ಬಿಡುವುದೇ ಇಲ್ಲ. ಎತ್ತಿ ತಲೆಯ ಮೇಲೆ ಬೋರಲು ಹೊತ್ತು ದಡಕ್ಕೆ ತಂದು ಕವುಚಿ ಹಾಕುತ್ತಾರೆ. ದೂರದಿಂದ ನೋಡಿದರೆ ದೊಡ್ಡ ಕರಿ ಆಮೆಯೊಂದು ಎರಡು ಕಾಲಿನ ಮೇಲೆ ನಡೆದುಬಂದ ಹಾಗಿರುತ್ತದೆ.

ನಮ್ಮ ಕಡೆ ಇದಕ್ಕೆ ಹೆಸರು ಹಲವು. ಕೊಳ್ಳೇಗಾಲ, ಹನೂರಿನ ಜನ ತೆಪ್ಪ ಎನ್ನುತ್ತಾರೆ. ಬಿದಿರು ಬೊಂಬುಗಳನ್ನು ಜೋಡಿಸಿ ಕಟ್ಟಿದ್ದೂ ತೆಪ್ಪವೇ ಆದ್ದರಿಂದ ಹೊರಗಿನವರಿಗೆ ಗೊಂದಲವಾಗುತ್ತದೆ. ತುಂಗಭದ್ರೆಯ ದಡದಲ್ಲಿ ಹರಿಗೋಲು, ಪುಟ್ಟಿ. ಧರ್ಮಪುರಿ, ಸೇಲಂ ಕಡೆಯ ತಮಿಳಿನಲ್ಲಿ ಪರಿಸಲ್. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ‘ಹ’ ಆದದ್ದನ್ನು ಶಾಲೆಯಲ್ಲಿ ಓದಿದವರಿಗೆ ಹರಿಗೋಲೂ ಪರಿಸಲೂ ಒಂದೇ ಬಳ್ಳಿಯ ಕಾಯಿಗಳೆಂದು ಅನ್ನಿಸದೆ ಇರದು. ಹೊಗೇನಕಲ್ಲು ಎಂಬ ಹೆಸರಂತೂ ಕನ್ನಡದ ಕಿವಿಗೆ ತಾನೇ ಅರ್ಥ ಹೇಳುತ್ತದೆ: ಬಂಡೆಗೆ ಅಪ್ಪಳಿಸಿದ ನೀರು ಹೊಗೆಯಾಗಿ ಏಳುವ ಜಾಗ.

ಇಂಥ ದೋಣಿಯ ಹಳೆಯ ವಿವರ ನಮಗೆ ಸಿಗುವುದು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನಿಂದ. 1520ರ ಸುಮಾರಿಗೆ ಅವನು ಆನೆಗೊಂದಿಯ ಹೊಳೆಯಲ್ಲಿ ಕಂಡದ್ದು ಬುಟ್ಟಿಯಂತೆ ದುಂಡಗಿದ್ದ, ಒಳಗೆ ಬೆತ್ತವೂ ಹೊರಗೆ ಚರ್ಮವೂ ಇದ್ದ ದೋಣಿ. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು. ನೆಟ್ಟಗೆ ಹೋಗಲಾರದೆ ಅದು ಸದಾ ಗಿರಗಿರನೆ ತಿರುಗುತ್ತದೆ ಎಂಬುದನ್ನೂ ಅವನು ಬಿಡದೆ ಬರೆದಿದ್ದಾನೆ. 1800ರಲ್ಲಿ ಬ್ರಿಟಿಷರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಉತ್ತರ ಕರ್ನಾಟಕದ ತುಂಬಿದ ಹೊಳೆಗಳನ್ನು ದಾಟಬೇಕಾಗಿ ಬಂದಾಗ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಇದೇ ಬುಟ್ಟಿದೋಣಿಗಳನ್ನು ನಂಬಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಸೇನಾಪತಿ ಈತನೇ.

ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಈ ದೋಣಿಗಳ ಬಗ್ಗೆ 1933ರಲ್ಲಿ ಪ್ರಬಂಧ ಬರೆದರು. ಇರಾಕಿನ ಟೈಗ್ರಿಸ್ ನದಿಯ ‘ಕುಫ್ಫಾ’ವನ್ನೂ ಅವರು ಅಭ್ಯಾಸ ಮಾಡಿದ್ದರು. ಅದೂ ದುಂಡು ಬುಟ್ಟಿಯೇ, ಆದರೆ ಅದಕ್ಕೆ ಬಳಿಯುತ್ತಿದ್ದದ್ದು ಅಲ್ಲಿಯ ನೆಲದಲ್ಲಿ ತಾನಾಗಿ ಒಸರುವ ಡಾಂಬರು. ಕಾವೇರಿಯವರಿಗೆ ಡಾಂಬರು ಎಲ್ಲಿಂದ ಬರಬೇಕು? ಇದ್ದದ್ದು ದನದ, ಎಮ್ಮೆಯ ಚರ್ಮ. ತೊಗಲನ್ನು ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕೊಳೆಯುತ್ತದೆ, ಬಿಸಿಲಿಗೆ ಹೆಚ್ಚು ಒಣಗಿಸಿದರೆ ಬಿರಿಯುತ್ತದೆ. ದೋಣಿಯನ್ನು ದಿನವೂ ದಡಕ್ಕೆತ್ತಿ ಕವುಚುವ ರೂಢಿಯ ಬೇರು ಈ ತೊಗಲಿನಲ್ಲೇ ಇದೆ ಎಂದು ನನ್ನ ಊಹೆ. ರಸ್ತೆಗಳಿಗೆ ಡಾಂಬರು ಬಂದು, ಗೊಬ್ಬರದ ಪ್ಲಾಸ್ಟಿಕ್ ಚೀಲ ಹಳ್ಳಿಗೆ ಬಂದ ಮೇಲೆ ಚರ್ಮ ಹೋಯಿತು. ಈಗ ಸೀಳಿದ ಬಿದಿರಿನ ಹೆಣಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಯಿಸಿದ ಡಾಂಬರು. ಟೈಗ್ರಿಸ್‌ನವರು ಸಾವಿರಾರು ವರ್ಷ ಬಳಿದ ವಸ್ತುವನ್ನು ಕಾವೇರಿಯವರು ಇಷ್ಟು ತಡವಾಗಿ ಬಳಿದರು. ಕವುಚಿ ಹಾಕುವ ರೂಢಿ ಮಾತ್ರ ಹೋಗಲಿಲ್ಲ.

ಹಾರ್ನೆಲ್ ಬರೆದ ಕಾಲದಲ್ಲಿ ಹೊಗೇನಕಲ್ಲಿನ ಎರಡು ದಡಗಳ ನಡುವೆ ರಾಜ್ಯದ ಗಡಿಯಿರಲಿಲ್ಲ. ಈಚೆಯ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆಚೆಯ ಪೆನ್ನಾಗರಂ ಸೇಲಂ ಜಿಲ್ಲೆಗೆ. ಎರಡೂ ಮದರಾಸಿನವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ ಹೊಳೆಯೇ ಗಡಿಯಾಯಿತು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಬೇರೆ ಜಿಲ್ಲೆಯಾಯಿತು. ತೆಪ್ಪಗಳು ಈಗಲೂ ಎರಡೂ ದಡದಲ್ಲಿವೆ, ಹುಟ್ಟು ಹಾಕುವವರ ಬಾಯಲ್ಲಿ ಎರಡೂ ನುಡಿಗಳಿವೆ.

ಹೊಳೆ ಇಳಿದು ಸೇಲಂ ಜಿಲ್ಲೆಗೆ ಹೋದರೆ ದೋಣಿ ಅದೇ, ವಿದ್ಯೆ ಬೇರೆ. 1924ರ ಮಹಾಪ್ರವಾಹದ ಮರುವರ್ಷ ಶುರುವಾದ ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು. 120 ಅಡಿ ನೀರು ನಿಂತು ಊರುಗಳು ಮುಳುಗಿ, ಹರಿಯುತ್ತಿದ್ದ ಹೊಳೆ ಸುಮಾರು 150 ಚದರ ಕಿಲೋಮೀಟರಿನ ಸರೋವರವಾಯಿತು. ಸೇಲಂ ಕಡೆಯ ಪಣ್ಣವಾಡಿಯಿಂದ ಧರ್ಮಪುರಿ ಕಡೆಯ ನಾಗಮರೈಗೆ ಹೋಗುವವರು ಈ ಹಿನ್ನೀರನ್ನು ದಾಟುತ್ತ ಬಂದಿದ್ದಾರೆ. ಇಲ್ಲಿ ಬಂಡೆಯ ಮರೆಯಿಲ್ಲ, ಸೆಳವಿಲ್ಲ, ಸುಳಿಯಿಲ್ಲ. ಇರುವುದು ಗಾಳಿ. ಬಯಲು ನೀರಿನ ಮೇಲೆ ಗಾಳಿ ಎದ್ದರೆ ಅಲೆ ಯಾವ ಕಡೆಯಿಂದಲಾದರೂ ಬಂದು ತಗ್ಗು ಅಂಚನ್ನು ಹಾಯಬಹುದು. ಮೂತಿಯಿದ್ದ ದೋಣಿಯಾದರೆ ಅಲೆಗೆ ಮುಖ ಕೊಟ್ಟು ನಿಲ್ಲುತ್ತಿತ್ತು, ದುಂಡು ದೋಣಿಗೆ ಕೊಡಲು ಮುಖವಿಲ್ಲ. ಹಾಗಾಗಿ ಇಲ್ಲಿಯ ಜಾಣತನವೆಲ್ಲ ಹೊರಡುವ ಹೊತ್ತನ್ನು ಆರಿಸುವುದರಲ್ಲಿದೆ. ಬೇಸಿಗೆಯಲ್ಲಿ ನೀರು ಬಹಳ ತಗ್ಗಿದಾಗ ಪಣ್ಣವಾಡಿಯಲ್ಲಿ ಮುಳುಗಿದ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಜೋಡಿ ಗೋಪುರಗಳೂ ಮೇಲೇಳುತ್ತವೆ. ನೋಡಲು ಜನ ಸೇರುತ್ತಾರೆ. ತೆಪ್ಪದವರಿಗಾದರೋ ಅವು ನೀರಿನ ಅಡಿಯಲ್ಲಿ ಏನೇನಿದೆ ಎಂಬುದನ್ನು ಆಗೊಮ್ಮೆ ಈಗೊಮ್ಮೆ ನೆನಪಿಸುವ ಗುರುತುಗಳು. ಅಣೆಯ ಕೆಳಗೆ, ಎಡಪ್ಪಾಡಿ ಸೀಮೆಯ ಪೂಲಾಂಪಟ್ಟಿಯಿಂದ ಈರೋಡಿನ ನೆರಿಂಜಿಪೇಟೆಗೆ ಜನರನ್ನು ದಾಟಿಸುವುದು ಈಗ ಮೋಟಾರು ದೋಣಿ.

ದಾಟಿಸುವ ಕಸುಬು ಯಾವಾಗ ವಿಹಾರವಾಯಿತೋ ಆಗಲೇ ನಿಯಮಗಳೂ ಬೇಕಾದವು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಹಳೆಯ ಕಾಲದಲ್ಲಿ ತೆಪ್ಪ ಹತ್ತುತ್ತಿದ್ದವರು ಆ ಹೊಳೆಯ ಜನ; ಕುಕ್ಕುರುಗಾಲಲ್ಲಿ ಕೂರುವುದು, ಅಲುಗದಿರುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಬೆಂಗಳೂರಿನಿಂದ, ಚೆನ್ನೈಯಿಂದ ಬಂದವರಿಗೆ ಈಜು ಬರುವುದಿಲ್ಲ, ಫೋಟೊಗೆ ಎದ್ದು ನಿಲ್ಲುವ ಆಸೆ. ತೆಪ್ಪ ಮಗುಚಿ ಜೀವಗಳು ಹೋದ ಮೇಲೆ ಜೀವರಕ್ಷಕ ಜಾಕೆಟ್ ಕಡ್ಡಾಯವಾಯಿತು, ಒಂದು ತೆಪ್ಪಕ್ಕೆ ಇಷ್ಟೇ ಜನ ಎಂಬ ಲೆಕ್ಕ ಬಂತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು. 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯವಾಗಿ ದಾಖಲಿಸಬೇಕು ಎಂದಿತು. ಬಿದಿರಿನ ಬುಟ್ಟಿಯೊಂದು ದೇಶದ ಕಾನೂನಿನ ಕಣ್ಣಿಗೆ ಬಿದ್ದದ್ದು ನನಗೆ ಸಮಾಧಾನ ತಂದ ಸಂಗತಿ.

ಆದರೆ ಹೊಗೇನಕಲ್ಲಿನಲ್ಲಿ ದಿನವೂ ತೀರ್ಪು ಕೊಡುವುದು ಇನ್ನೊಂದು. ಅಲ್ಲಿಂದ ಮೇಲೆ, ಕಾವೇರಿ ತಮಿಳುನಾಡಿಗೆ ಕಾಲಿಡುವ ಜಾಗದಲ್ಲಿ ಬಿಳಿಗುಂಡ್ಲು ಎಂಬ ಅಚ್ಚಕನ್ನಡ ಹೆಸರಿನ ಊರಿದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿರುವುದು ಅಲ್ಲಿ. ಕರ್ನಾಟಕ ಎಷ್ಟು ನೀರು ಬಿಟ್ಟಿತು ಎಂದು ಎರಡು ರಾಜ್ಯಗಳು ಲೆಕ್ಕ ಹಾಕುವುದು ಈ ಅಳತೆಯಿಂದಲೇ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹೇಳಿದ 192 ಟಿಎಂಸಿಯನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ 177.25ಕ್ಕೆ ಇಳಿಸಿತಲ್ಲ, ಆ ನೀರನ್ನು ಅಳೆಯುವುದೂ ಇಲ್ಲಿಯೇ. ಪತ್ರಿಕೆಗಳಲ್ಲಿ ಜಗಳದ ಅಂಕಿಯಾಗಿ ನಾವು ಓದುವ ಅದೇ ಕ್ಯುಸೆಕ್ ಲೆಕ್ಕ ಧರ್ಮಪುರಿಯ ಜಿಲ್ಲಾಧಿಕಾರಿಗೆ ಬೇರೆಯದೇ ಪ್ರಶ್ನೆ: ಇವತ್ತು ತೆಪ್ಪ ನೀರಿಗಿಳಿಯಬಹುದೇ? ಕೊಡಗು, ವಯನಾಡಿನಲ್ಲಿ ಮಳೆ ಹೊಯ್ದು ಕೆಆರ್‌ಎಸ್, ಕಬಿನಿಗಳ ಬಾಗಿಲು ತೆರೆದರೆ ಆ ನೀರು ಇಲ್ಲಿಗೆ ಬರುವುದರೊಳಗೆ ನಿಷೇಧದ ಆದೇಶ ಹೊರಟಿರುತ್ತದೆ. 2018, 2022, 2024ರ ಮಳೆಗಾಲಗಳಲ್ಲಿ ಹರಿವು ಲಕ್ಷ ಕ್ಯುಸೆಕ್ ದಾಟಿತು. ಆಗ ಜಲಪಾತಗಳೆಲ್ಲ ಒಂದೇ ಕೆಂಪು ನೀರಿನ ಹಾಳೆಯಾಗಿ, ಬಂಡೆಯ ಮರೆಯೆಂಬುದೇ ಇಲ್ಲವಾಯಿತು.

ನೀರಿನ ಬಣ್ಣ ತಿರುಗುವುದು, ಕಸಕಡ್ಡಿ ತೇಲಿ ಬರುವುದು, ನಿನ್ನೆ ಕಂಡ ಕಲ್ಲು ಇವತ್ತು ಕಾಣದಿರುವುದು, ಹೊಸನೀರಿನ ಈ ಗುರುತುಗಳನ್ನು ಹೊಳೆಯ ಜನ ಅಂಕಿಗಿಂತ ಮೊದಲೇ ಓದುತ್ತಿದ್ದರು. ಈಗಲೂ ಓದುತ್ತಾರೆ. ಆದರೆ ಆ ಕಣ್ಣಿಗೆ ದಿನಗೂಲಿಯ ಒತ್ತಡವೂ ಇರುತ್ತದೆ, ಅಂಕಿಗೆ ಇರುವುದಿಲ್ಲ. ಅದಕ್ಕೇ ನಿಷೇಧ ಬೇಕು ಎಂದು ನಾನು ನಂಬುತ್ತೇನೆ. ನಿಷೇಧದ ವಾರಗಳಲ್ಲಿ ಆ ಮನೆಗಳ ಒಲೆ ಹೇಗೆ ಉರಿಯಬೇಕು ಎಂಬುದೂ ಸುರಕ್ಷತೆಯ ನಿಯಮದಲ್ಲೇ ಬರೆದಿರಬೇಕಿತ್ತು. ದೋಣಿಯನ್ನು ದಾಖಲಿಸುವ ಕಾನೂನು ಬಂದ ಮೇಲೆ ಅದನ್ನು ನಡೆಸುವವರ ಪಟ್ಟಿ ಹಿಡಿದು ಆ ದಿನಗಳಿಗೊಂದು ಪರಿಹಾರ ಕೊಡುವುದು ಆಗದ ಕೆಲಸವಲ್ಲ.

ಹೊಳೆ ಮೇರೆ ಮೀರಿದ ದಿನಗಳಲ್ಲಿ ತೆಪ್ಪಗಳು ದಡದ ಮೇಲೆ ಸಾಲಾಗಿ ಕವುಚಿಕೊಂಡಿರುತ್ತವೆ. ಬಿದಿರು ಸಡಿಲವಾದದ್ದಕ್ಕೆ ಹೊಸ ಸೀಳು ಸೇರಿಸಬೇಕು, ಬಂಡೆಗೆ ಉಜ್ಜಿ ಸವೆದ ತಳಕ್ಕೆ ಡಾಂಬರು ಬಳಿಯಬೇಕು. ಮಳೆ ಹೊಳವಾದ ಒಂದು ಗಳಿಗೆ ಸಿಕ್ಕರೆ ಮೂರು ಕಲ್ಲಿನ ಒಲೆಯ ಮೇಲೆ ಡಬ್ಬಿ ಏರುತ್ತದೆ.