ದಡ ಸೇರಿದ ಮೇಲಿನ ಪಯಣ

ಏಪ್ರಿಲ್ 28ರಂದು ನಾವು ಓಶಿಯಾನಿಯಾದ ಪಾಲಕರಾದ ಸಂತ ಪೇತ್ರ ಶನೆಲ್ ಅವರ ಹಬ್ಬವನ್ನು ಆಚರಿಸುತ್ತೇವೆ. ಫ್ರಾನ್ಸಿನ ಈ ಮಾರಿಸ್ಟ್ ಗುರುಗಳು 1836ರ ಡಿಸೆಂಬರ್ 24ರಂದು ಲೆ ಹಾವ್ರ್ ಬಂದರಿನಿಂದ ಹಡಗು ಹತ್ತಿದರು. ಸಂಗಡಿಗರಾದ ಗುರು ಕ್ಲೋದ್ ಬ್ರೆ ನಡುಗಡಲಲ್ಲೇ ತೀರಿಕೊಂಡರು. 1837ರ ನವೆಂಬರಿನಲ್ಲಿ ಶನೆಲರು ಸಹೋದರ ಮರಿ ನಿಜಿಯೆ ಅವರೊಡನೆ ಪಾಲಿನೇಷಿಯಾದ ಪುಟ್ಟ ಫುಟೂನಾ ದ್ವೀಪದಲ್ಲಿ ಇಳಿದರು.

ಕಡಲ ಪಯಣ ಮುಗಿಯಿತು. ಜನರ ಹೃದಯದತ್ತ ಪಯಣ ಆಗಷ್ಟೇ ಆರಂಭವಾಗಿತ್ತು. ಅರಸ ನಿಯುಲಿಕಿ ಆಶ್ರಯ ಕೊಟ್ಟನು. ಗುರುಗಳು ಅಲ್ಲಿನ ಭಾಷೆಯನ್ನು ನಿಧಾನವಾಗಿ ಕಲಿತರು, ರೋಗಿಗಳನ್ನು ಆರೈಕೆ ಮಾಡಿದರು. 'ಒಳ್ಳೆಯ ಹೃದಯದವರು' ಎಂದು ಜನ ಅವರನ್ನು ಕರೆದರು. ಆದರೂ ಮೂರು ವರ್ಷ ದುಡಿದ ಮೇಲೂ ದೀಕ್ಷಾಸ್ನಾನ ಪಡೆದವರು ಕೆಲವರೇ. ಅರಸನ ಮಗನೇ ಕ್ರಿಸ್ತರತ್ತ ತಿರುಗಿದಾಗ ಅರಮನೆಯವರ ಸಿಟ್ಟು ಭುಗಿಲೆದ್ದಿತು. 1841ರ ಏಪ್ರಿಲ್ 28ರಂದು ಶನೆಲರನ್ನು ಕೊಂದರು.

ಕೆಲವೇ ವರ್ಷಗಳಲ್ಲಿ ಇಡೀ ದ್ವೀಪ ಕ್ರಿಸ್ತರನ್ನು ಒಪ್ಪಿಕೊಂಡಿತು. ಕೊಂದವರ ಮುಂದಾಳು ಮುಸುಮುಸು ಕೂಡ ದೀಕ್ಷಾಸ್ನಾನ ಪಡೆದನು. 1954ರಲ್ಲಿ ಧರ್ಮಸಭೆ ಶನೆಲರನ್ನು ಸಂತರೆಂದು ಘೋಷಿಸಿತು.

ಪ್ರಿಯರೇ, ಫಸಲನ್ನು ಕಾಣದೆಯೂ ಅವರು ಬಿತ್ತುವುದನ್ನು ಬಿಡಲಿಲ್ಲ. ಮನೆಯಲ್ಲಿ, ನೆರೆಯಲ್ಲಿ ನಮ್ಮ ಪ್ರೀತಿಗೆ ಉತ್ತರ ಸಿಗದಿದ್ದಾಗ ನಾವು ಬೇಗ ಸೋಲುತ್ತೇವೆ. ಸೋಲದೆ ಪ್ರೀತಿಸುವ ತಾಳ್ಮೆಯನ್ನು ಈ ಹಬ್ಬದಂದು ಬೇಡೋಣ.